ದರ್ಶಿನಿ ಕಾಫಿ ಮನೆಯ ಲೋಟದಲ್ಲಿ: ನಾನು ಮಾಡುವ ಬಗೆ

ದರ್ಶಿನಿಯಲ್ಲಿ, ಅಂದರೆ ಬೆಂಗಳೂರಿನ ನಿಂತು ತಿನ್ನುವ ಹೋಟೆಲಿನಲ್ಲಿ, ಕುಡಿದ ಕಾಫಿ ಮನೆಯಲ್ಲಿ ಬರುತ್ತಿಲ್ಲ ಅನ್ನಿಸಿದಾಗ ಎಲ್ಲರೂ ಮೊದಲು ಬದಲಿಸುವುದು ಪುಡಿಯನ್ನು. ಗಾಂಧಿ ಬಜಾರಿನ ಅಂಗಡಿ ಬಿಟ್ಟು ಮಲ್ಲೇಶ್ವರದ ಅಂಗಡಿ, ಅದನ್ನೂ ಬಿಟ್ಟು ಚಿಕ್ಕಮಗಳೂರಿನ ಎಸ್ಟೇಟಿನ ಪ್ಯಾಕೆಟ್ಟು. ಪುಡಿಯ ಪಾಲು ಇದ್ದೇ ಇದೆ. ಆದರೆ ಅದಕ್ಕಿಂತ ಹೆಚ್ಚು ವ್ಯತ್ಯಾಸ ಮಾಡುವ ಮೂರು ಸಂಗತಿ ನನ್ನ ಅನುಭವಕ್ಕೆ ಬಂದಿವೆ: ಡಿಕಾಕ್ಷನ್ ಎಷ್ಟು ಗಟ್ಟಿ, ಇಳಿದು ಎಷ್ಟು ಹೊತ್ತಾಯಿತು, ಹಾಲು ಎಷ್ಟು ಬಿಸಿ. ಜನ ತುಂಬಿದ ಹೋಟೆಲಿನಲ್ಲಿ ಈ ಮೂರೂ ತಾವಾಗಿಯೇ ಸರಿಯಿರುತ್ತವೆ. ಡಿಕಾಕ್ಷನ್ ಇಳಿದಷ್ಟೇ ಬೇಗ ಖರ್ಚಾಗುತ್ತದೆ, ಹಾಲು ಬೆಳಿಗ್ಗೆಯಿಂದ ಕುದಿಯುತ್ತಲೇ ಇರುತ್ತದೆ, ಲೋಟ ಬಿಸಿನೀರಿನಿಂದ ಎದ್ದು ಬಂದಿರುತ್ತದೆ. ಮನೆಯಲ್ಲಿ ಇದನ್ನೆಲ್ಲ ನಾವೇ ಹೊಂದಿಸಿಕೊಳ್ಳಬೇಕು.

ಮೊದಲು ಪುಡಿಯ ಮಾತು ಮುಗಿಸುತ್ತೇನೆ. ಕಣ್ಣೆದುರಿಗೇ ಬೀಸಿಕೊಡುವ ಅಂಗಡಿಗೆ ಹೋದರೆ ಹಲಗೆಯ ಮೇಲೆ ಪ್ಲಾಂಟೇಶನ್ ಎ, ಪೀಬೆರಿ, ರೋಬಸ್ಟಾ ಚೆರಿ ಎಂದೆಲ್ಲ ಬರೆದಿರುತ್ತದೆ. ಕಾಫಿಯಲ್ಲಿ ಮುಖ್ಯ ಜಾತಿ ಎರಡು, ಅರೇಬಿಕಾ ಮತ್ತು ರೋಬಸ್ಟಾ. ಹಣ್ಣಿನ ತಿರುಳು ತೆಗೆದು ತೊಳೆದು ಒಣಗಿಸಿದ ಅರೇಬಿಕಾಗೆ ನಮ್ಮ ದೇಶದ ವ್ಯಾಪಾರದಲ್ಲಿ ಪ್ಲಾಂಟೇಶನ್ ಎನ್ನುತ್ತಾರೆ. ಹಾಗೆಯೇ ತೊಳೆದ ರೋಬಸ್ಟಾ ಪಾರ್ಚ್‌ಮೆಂಟ್. ಹಣ್ಣನ್ನು ಇಡಿಯಾಗಿ ಕಣದಲ್ಲಿ ಒಣಗಿಸಿದ್ದು ಎರಡರಲ್ಲೂ ಚೆರಿ. ಪೀಬೆರಿ ಬೇರೆ ತಳಿಯಲ್ಲ. ಹಣ್ಣಿನೊಳಗೆ ಎರಡು ಬೀಜದ ಬದಲು ಒಂದೇ ದುಂಡಗೆ ಬೆಳೆದದ್ದು. ದುಂಡಗಿರುವುದರಿಂದ ಹುರಿಯುವ ಡ್ರಮ್ಮಿನಲ್ಲಿ ಚೆನ್ನಾಗಿ ಉರುಳಿ ಎಲ್ಲ ಕಡೆ ಒಂದೇ ಸಮ ಬಣ್ಣ ತಿರುಗುತ್ತದೆ. ನಾನು ತರುವುದು ಪ್ಲಾಂಟೇಶನ್ ಎ ಮತ್ತು ಪೀಬೆರಿ ಸಮಪಾಲು. ಹಾಲಿನ ಕಾಫಿಗೆ ಇನ್ನಷ್ಟು ಗಡಸು ಬೇಕೆನ್ನುವವರು ಬೀಜದಲ್ಲಿ ಕಾಲು ಭಾಗ ರೋಬಸ್ಟಾ ಹಾಕಿಸಿಕೊಳ್ಳಬಹುದು, ಅದು ಹಾಲಿಗೆ ಎದುರು ನಿಲ್ಲುತ್ತದೆ. ಆದರೆ ರೋಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಹೆಚ್ಚುಕಡಿಮೆ ಎರಡರಷ್ಟು. ಸಂಜೆ ಆರರ ಮೇಲೆ ಕುಡಿದರೆ ನಿದ್ದೆ ಬಾರದವರು ಇದನ್ನು ನೆನಪಿಟ್ಟುಕೊಳ್ಳಿ.

ಚಿಕೋರಿಯನ್ನು ಕಲಬೆರಕೆ ಎಂದು ದೂರ ಇಡುವವರಿದ್ದಾರೆ. ನಾನು ಹಾಗೆ ನೋಡುವುದಿಲ್ಲ. ಅದು ಹುರಿದು ಪುಡಿ ಮಾಡಿದ ಒಂದು ಗಿಡದ ಬೇರು, ಕೆಫೀನ್ ಇಲ್ಲ. ಕಾಫಿ ಪುಡಿಯಲ್ಲಿ ನೀರಿಗೆ ಕರಗಿ ಬರುವುದು ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಚಿಕೋರಿಯ ಬಹುಪಾಲು ಕರಗುತ್ತದೆ. ಹಾಗಾಗಿ ಸ್ವಲ್ಪ ಹಾಕಿದರೂ ಡಿಕಾಕ್ಷನ್‌ಗೆ ಬಣ್ಣ, ದಪ್ಪ ಮತ್ತು ಹಾಲಿನ ಜೊತೆ ಹೊಂದುವ ಒಂದು ಸಿಹಿಗಹಿ ಬರುತ್ತದೆ. ಇನ್ನೊಂದು ಉಪಕಾರವೂ ಇದೆ: ಅದು ನೀರು ಹೀರಿ ಉಬ್ಬುವುದರಿಂದ ಫಿಲ್ಟರಿನಲ್ಲಿ ನೀರು ಓಡದೆ ನಿಧಾನವಾಗಿ ಇಳಿಯುತ್ತದೆ. ನನ್ನ ಅಳತೆ ಕಾಫಿ 80, ಚಿಕೋರಿ 20. ಮೂವತ್ತು ದಾಟಿದರೆ ಕಾಫಿಯ ಪರಿಮಳ ಹಿಂದೆ ಸರಿದು ಸುಟ್ಟ ಬೆಲ್ಲದ ರುಚಿ ಮುಂದೆ ಬರುತ್ತದೆ. ಪ್ಯಾಕೆಟ್ ಪುಡಿ ತರುವುದಾದರೆ ಹಿಂಬದಿ ಓದಿ. ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರಬಾರದು, ಎರಡರ ಪ್ರಮಾಣವನ್ನೂ ಮುದ್ರಿಸಬೇಕು ಎಂಬ ನಿಯಮವಿದೆ. ಕಡಿಮೆ ಬೆಲೆಯ ಪ್ಯಾಕೆಟ್ಟುಗಳು ಆ ಗೆರೆಯ ಹತ್ತಿರವೇ ನಿಂತಿರುತ್ತವೆ.

ಬೀಸಿಸುವಾಗ ‘ಫಿಲ್ಟರ್‌ಗೆ’ ಎಂದು ಹೇಳಿದರೆ ಸಾಕು, ಆದರೂ ಬೆರಳಲ್ಲಿ ತಿಕ್ಕಿ ನೋಡಿ. ಚಿರೋಟಿ ರವೆಗಿಂತ ನುಣ್ಣಗೆ, ಮೈದಾ ಹಿಟ್ಟಿಗಿಂತ ತರಿ ಇರಬೇಕು. ಮೈದಾದ ಹಾಗಾದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ರವೆಯಷ್ಟಾದರೆ ನೀರು ಐದೇ ನಿಮಿಷದಲ್ಲಿ ಇಳಿದು ಕೆಳಗೆ ಬಣ್ಣದ ನೀರು ಸಿಗುತ್ತದೆ. ಒಮ್ಮೆಗೆ ಕಾಲು ಕೆಜಿಗಿಂತ ಹೆಚ್ಚು ತರುವುದಿಲ್ಲ. ಯಂತ್ರದಿಂದ ಬಂದ ಪುಡಿ ಬಿಸಿಯಾಗಿರುತ್ತದೆ, ಮನೆಗೆ ಬಂದ ಮೇಲೆ ಅದು ಆರಲು ಬಿಟ್ಟು ಆಮೇಲೆ ಬಿಗಿಯಾದ ಸ್ಟೀಲ್ ಡಬ್ಬಿಗೆ ಹಾಕಿ. ಬಿಸಿಯಾಗಿಯೇ ಮುಚ್ಚಿದರೆ ಒಳಗೆ ತೇವ ಕೂರುತ್ತದೆ. ಫ್ರಿಜ್ಜಿನಲ್ಲಿ ಇಟ್ಟು ದಿನಾ ತೆಗೆದು ಹಾಕುವುದೂ ಅದೇ ಕಾರಣಕ್ಕೆ ಬೇಡ. ಎರಡು ವಾರದೊಳಗೆ ಮುಗಿಸಿ. ಪುಡಿ ಹಳತಾಯಿತೋ ಇಲ್ಲವೋ ತಿಳಿಯಲು ಸುಲಭದ ಗುರುತೊಂದಿದೆ: ಬಿಸಿನೀರು ಬಿದ್ದ ಕೂಡಲೇ ಹೊಸ ಪುಡಿ ನೊರೆಯೆದ್ದು ಉಬ್ಬುತ್ತದೆ. ಹುರಿದಾಗ ಬೀಜದೊಳಗೆ ಸೇರಿಕೊಂಡ ಇಂಗಾಲದ ಡೈಆಕ್ಸೈಡ್ ಹೊರಗೆ ಬರುವುದು ಅದು. ಮಿಸುಕಾಡದೆ ಕೆಸರಿನ ಹಾಗೆ ಕೂತರೆ ಪರಿಮಳ ಹೋಗಿ ಬಹಳ ದಿನವಾಗಿದೆ ಎಂದರ್ಥ.

ಫಿಲ್ಟರ್ ಸ್ಟೀಲಿನದೇ ಸಾಕು. ಹಿತ್ತಾಳೆಯದು ನೋಡಲು ಚೆಂದ, ಬಿಸಿಯನ್ನೂ ಹಿಡಿದಿಡುತ್ತದೆ, ಆದರೆ ಒಳಗೆ ಕಲಾಯಿ, ಅಂದರೆ ತವರದ ಲೇಪ, ಸರಿಯಿರಲೇಬೇಕು. ಡಿಕಾಕ್ಷನ್ ಹುಳಿ ಗುಣದ್ದು, ಬರಿ ಹಿತ್ತಾಳೆಗೆ ತಗಲಬಾರದು. ಫಿಲ್ಟರಿನ ಅಳತೆಯ ಬಗ್ಗೆ ಮಾತ್ರ ನಾನು ಹಟ ಹಿಡಿಯುತ್ತೇನೆ. ಇಬ್ಬರ ಮನೆಯಲ್ಲಿ ಆರು ಲೋಟದ ಫಿಲ್ಟರ್ ಇಟ್ಟುಕೊಂಡು ತಳದಲ್ಲಿ ಎರಡು ಚಮಚ ಪುಡಿ ಹರಡಿದರೆ ಪದರ ತೆಳ್ಳಗಾಗಿ ನೀರು ಸುಮ್ಮನೆ ಹಾದುಹೋಗುತ್ತದೆ. ಮೇಲಿನ ಪಾತ್ರೆಯ ಮೂರನೇ ಒಂದು ಭಾಗವಾದರೂ ಪುಡಿಯಿಂದ ತುಂಬಬೇಕು. ಚಿಕ್ಕದೊಂದು, ದೊಡ್ಡದೊಂದು ಇಟ್ಟುಕೊಳ್ಳುವುದು ಒಳ್ಳೆಯದು. ಕೊಳ್ಳುವಾಗ ಮೇಲಿನ ಪಾತ್ರೆಯನ್ನು ಬೆಳಕಿಗೆ ಹಿಡಿದು ತೂತುಗಳನ್ನು ನೋಡಿ: ಸಣ್ಣಗೆ, ಒಂದೇ ಸಮ, ಅಂಚಿನವರೆಗೂ ಇರಬೇಕು.

ಇನ್ನು ಅಳತೆ. ಮೂರು ಲೋಟಕ್ಕೆ 30 ಗ್ರಾಂ ಪುಡಿ, 160ರಿಂದ 170 ಮಿ.ಲೀ. ನೀರು. ಅಡುಗೆಮನೆಯ ತಕ್ಕಡಿ ಇಲ್ಲದಿದ್ದರೆ ದೊಡ್ಡ ಚಮಚದಲ್ಲಿ ಗುಡ್ಡೆಯಾಗಿ ನಾಲ್ಕು, ಮೇಲೆ ಸ್ವಲ್ಪ. ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ಹೀರಿ ಇಟ್ಟುಕೊಳ್ಳುತ್ತದೆ, ಅಂದರೆ 60 ಮಿ.ಲೀ. ಮೇಲೆಯೇ ಉಳಿಯುತ್ತದೆ; ಕೆಳಗೆ ಸಿಗುವುದು 100 ಮಿ.ಲೀ. ಚಿಲ್ಲರೆ. ಈ ಲೆಕ್ಕ ತಿಳಿಯದೆ ‘ಇಷ್ಟೇನಾ’ ಎಂದು ಇನ್ನೊಂದು ಲೋಟ ನೀರು ಸುರಿಯುವುದರಿಂದಲೇ ಬಹಳ ಮನೆಗಳಲ್ಲಿ ಡಿಕಾಕ್ಷನ್ ತೆಳ್ಳಗಾಗುತ್ತದೆ. ಲೋಟಕ್ಕೆ 10 ಗ್ರಾಂ ಅಂದರೆ ಕಾಲು ಕೆಜಿಗೆ 25 ಲೋಟ. ನಿಮ್ಮ ಅಂಗಡಿಯ ಬೆಲೆಯಿಂದ ಭಾಗಿಸಿ ನೋಡಿ, ಹಾಲು ಸಕ್ಕರೆ ಸೇರಿಸಿದರೂ ಒಳ್ಳೆಯ ಕಾಫಿ ದುಬಾರಿಯ ಚಟವಲ್ಲ.

ಒಣಗಿದ ಫಿಲ್ಟರಿಗೆ ಪುಡಿ ಹಾಕಿ ಪಕ್ಕಕ್ಕೆ ತಟ್ಟಿ ಸಮ ಮಾಡುತ್ತೇನೆ. ಹಿಡಿಯಿರುವ ತೂತಿನ ಬಿಲ್ಲೆಯನ್ನು ಮೇಲಿಟ್ಟು ಹಗುರವಾಗಿ ಒಮ್ಮೆ ಒತ್ತುವುದು, ಅಷ್ಟೇ. ಒಂದು ಬದಿ ಹೆಚ್ಚು ಒತ್ತಿದರೆ ಇನ್ನೊಂದು ಬದಿಯಲ್ಲಿ ನೀರು ದಾರಿ ಮಾಡಿಕೊಂಡು ಅಲ್ಲೇ ಇಳಿಯುತ್ತದೆ, ಅರ್ಧ ಪುಡಿ ನೆನೆದಷ್ಟೇ ಉಳಿಯುತ್ತದೆ. ಬಿಲ್ಲೆಯನ್ನು ತೆಗೆಯಬೇಡಿ, ನೀರು ಅದರ ಮೇಲೆಯೇ ಬೀಳಬೇಕು. ನೀರು ಕುದಿದು ಒಲೆ ಆರಿಸಿ ಅರ್ಧ ನಿಮಿಷ ಬಿಟ್ಟರೆ 95 ಡಿಗ್ರಿ ಆಸುಪಾಸಿಗೆ ಬರುತ್ತದೆ. ಮೊದಲು 40 ಮಿ.ಲೀ. ಮಾತ್ರ ಸುತ್ತ ಹನಿಸಿ ಒಂದು ನಿಮಿಷ ಬಿಡಿ, ಪುಡಿ ಉಬ್ಬಿ ಗಾಳಿ ಹೋಗಲಿ. ಉಳಿದ ನೀರನ್ನು ನಿಧಾನವಾಗಿ ಸುರಿದು ಮುಚ್ಚಿ. ಒಂದೇ ಸಲ ಎಲ್ಲವನ್ನೂ ಧುಮುಕಿಸಿದರೆ ಒಣ ಗಂಟುಗಳು ಒಳಗೇ ಉಳಿಯುತ್ತವೆ.

ಹದಿನೈದರಿಂದ ಇಪ್ಪತ್ತು ನಿಮಿಷದಲ್ಲಿ ಇಳಿದರೆ ಎಲ್ಲ ಸರಿ. ಎಂಟು ನಿಮಿಷಕ್ಕೆ ಮೇಲಿನ ಪಾತ್ರೆ ಖಾಲಿಯಾದರೆ ಪುಡಿ ತರಿಯಾಗಿದೆ, ಅಥವಾ ಕಡಿಮೆಯಾಗಿದೆ, ಅಥವಾ ಒತ್ತು ಸಾಲದು. ಅರ್ಧ ಗಂಟೆಯಾದರೂ ನೀರು ಮೇಲೆಯೇ ನಿಂತಿದ್ದರೆ ಮೊದಲ ಅನುಮಾನ ಪುಡಿಯ ಮೇಲಲ್ಲ, ಗಾಳಿಯ ಮೇಲೆ ಇರಲಿ. ಎರಡು ಪಾತ್ರೆ ಬಿಗಿಯಾಗಿ ಕೂತಾಗ ಕೆಳಗಿನ ಪಾತ್ರೆಯ ಗಾಳಿ ಬಿಸಿಯಾಗಿ ಹಿಗ್ಗುತ್ತದೆ, ಹೊರಗೆ ಹೋಗಲು ಜಾಗವಿಲ್ಲದೆ ಮೇಲಕ್ಕೆ ಒತ್ತುತ್ತದೆ, ಹನಿ ನಿಲ್ಲುತ್ತದೆ. ಮೇಲಿನ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಕೂದಲೆಳೆಯಷ್ಟು ಎತ್ತಿ ಮತ್ತೆ ಕೂರಿಸಿ, ಸಾಮಾನ್ಯವಾಗಿ ತಕ್ಷಣ ಹನಿ ಶುರುವಾಗುತ್ತದೆ. ಆಗಲೂ ಇಳಿಯದಿದ್ದರೆ ತೂತು ಕಟ್ಟಿದೆ. ಚಮಚದಿಂದ ಕೆದಕಬೇಡಿ, ಗಸಿಯೆಲ್ಲ ಕೆಳಗೆ ಬಂದು ಡಿಕಾಕ್ಷನ್ ಕೆಡುತ್ತದೆ. ಆ ಸಲಕ್ಕೆ ಹಾಗೇ ನಿಧಾನವಾಗಿ ಇಳಿಯಲು ಬಿಟ್ಟು, ಆಮೇಲೆ ಫಿಲ್ಟರನ್ನು ಸೋಡಾ ಪುಡಿ ಹಾಕಿದ ಬಿಸಿನೀರಿನಲ್ಲಿ ನೆನೆಸಿ ಹಳೆಯ ಟೂತ್‌ಬ್ರಷ್‌ನಲ್ಲಿ ಹೊರಗಡೆಯಿಂದ ಒಳಕ್ಕೆ ಉಜ್ಜಿ. ಕಾಫಿಯ ಎಣ್ಣೆ ತೂತಿನ ಅಂಚಿಗೆ ಅಂಟಿ ಕಮಟಾಗುತ್ತದೆ, ಇದನ್ನು ವಾರಕ್ಕೊಮ್ಮೆ ಹೇಗೂ ಮಾಡಬೇಕು. ತಳವನ್ನು ಗ್ಯಾಸಿನ ಉರಿಗೆ ಹಿಡಿದು ಕಟ್ಟಿದ ಪುಡಿಯನ್ನು ಸುಡುವ ರೂಢಿಯೂ ಇದೆ. ಸ್ಟೀಲಿಗೆ ನಡೆಯುತ್ತದೆ, ಕಲಾಯಿ ಮಾಡಿದ ಹಿತ್ತಾಳೆಗೆ ಕೂಡದು. ತವರ 232 ಡಿಗ್ರಿಗೇ ಕರಗುತ್ತದೆ.

ನೀರಿನ ಬಗ್ಗೆ ಬೆಂಗಳೂರಿನಂಥ ಊರಿನಲ್ಲಿ ಹೇಳಲೇಬೇಕು. ಬೋರ್‌ವೆಲ್ಲಿನ ಗಡಸು ನೀರಿನಲ್ಲಿರುವ ಬೈಕಾರ್ಬೊನೇಟ್ ಕಾಫಿಯ ಹಿತವಾದ ಹುಳಿಯನ್ನು ತಿಂದುಹಾಕುತ್ತದೆ, ರುಚಿ ಮಂಕಾಗುತ್ತದೆ. ಆರ್‌ಒ ಯಂತ್ರ ಎಲ್ಲ ಖನಿಜವನ್ನೂ ತೆಗೆದ ನೀರಿನಲ್ಲಿ ಕಾಫಿ ಸಪ್ಪೆ. ಕಾವೇರಿ ನೀರು ಬರುವ ಮನೆಯಾದರೆ ಅದನ್ನು ಸೋಸಿ ಬಳಸುವುದೇ ಉತ್ತಮ. ಬೋರ್‌ವೆಲ್ ಮತ್ತು ಆರ್‌ಒ ನೀರು ಮಾತ್ರ ಇರುವ ಕಡೆ ಆರ್‌ಒ ನೀರಿಗೆ ಕಾಲು ಭಾಗ ಸೋಸಿ ಕುದಿಸಿದ ಬೋರ್‌ವೆಲ್ ನೀರು ಬೆರೆಸಿದರೆ ವ್ಯತ್ಯಾಸ ನಾಲಗೆಗೆ ತಿಳಿಯುತ್ತದೆ.

ಇಳಿದ ಡಿಕಾಕ್ಷನ್ ಅನ್ನು ಒಲೆಯ ಮೇಲಿಟ್ಟು ಕುದಿಸಬಾರದು. ಪರಿಮಳ ಹಾರಿಹೋಗುತ್ತದೆ, ಕಹಿ ಉಳಿಯುತ್ತದೆ. ಬಿಸಿಯಾಗಿಯೇ ಗಂಟೆಗಟ್ಟಲೆ ಇಟ್ಟರೂ ಕೆಡುತ್ತದೆ: ಕಾಫಿಯಲ್ಲಿರುವ ಕ್ಲೋರೊಜೆನಿಕ್ ಆಮ್ಲಗಳು ಒಡೆದು ಕ್ವಿನಿಕ್ ಆಮ್ಲ ಹೆಚ್ಚಿ ಗಂಟಲಿನ ಹಿಂದೆ ನಿಲ್ಲುವ ಕೆಟ್ಟ ಹುಳಿ ಬರುತ್ತದೆ. ಮಧ್ಯಾಹ್ನ ಮೂರು ಗಂಟೆಯ ಹೋಟೆಲ್ ಕಾಫಿ ಬೆಳಗಿನದಕ್ಕೆ ಸಾಟಿಯಾಗದಿರುವುದು ಇದರಿಂದಲೇ. ಮನೆಯಲ್ಲಿ ಉಳಿದದ್ದನ್ನು ತಣ್ಣಗಾದ ಮೇಲೆ ಮುಚ್ಚಿ ಫ್ರಿಜ್ಜಿನಲ್ಲಿಟ್ಟು ಅದೇ ದಿನ ಮುಗಿಸುತ್ತೇನೆ. ಬಳಸುವಾಗ ಬಟ್ಟಲನ್ನು ಕುದಿನೀರಿನ ಪಾತ್ರೆಯಲ್ಲಿ ಕೂರಿಸಿದರೆ ಸಾಕಷ್ಟು ಬಿಸಿಯಾಗುತ್ತದೆ. ರಾತ್ರಿಯೇ ಫಿಲ್ಟರ್ ಹಾಕಿ ಮಲಗುವ ರೂಢಿ ಅನುಕೂಲದ್ದು, ರುಚಿಯದಲ್ಲ. ಹದಿನೈದು ನಿಮಿಷ ಬೇಗ ಎದ್ದರೆ ಸಿಗುವ ಕಾಫಿಯೇ ಬೇರೆ. ಎರಡನೇ ಡಿಕಾಕ್ಷನ್ ನಾನು ತೆಗೆಯುವುದಿಲ್ಲ. ಮೊದಲ ನೀರಿಗೆ ಬರಬೇಕಾದ್ದೆಲ್ಲ ಬಂದಿರುತ್ತದೆ, ಎರಡನೆಯದಕ್ಕೆ ಉಳಿಯುವುದು ಒಗರು. ಅದನ್ನು ಮೊದಲನೆಯದಕ್ಕೆ ಬೆರೆಸಿದರೆ ಎರಡೂ ಹಾಳು.

ಹಾಲು. ನೀಲಿ ಪ್ಯಾಕೆಟ್ಟಿನ ನಂದಿನಿ ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ. 3. ಅದರಲ್ಲೂ ಒಳ್ಳೆಯ ಕಾಫಿಯಾಗುತ್ತದೆ, ನೀರು ಮಾತ್ರ ಬೆರೆಸಬೇಡಿ. ಶೇ. 4.5ರ ಸ್ಟ್ಯಾಂಡರ್ಡ್ ಹಾಲು ನನ್ನ ಮೆಚ್ಚಿನದು. ಶೇ. 6ರ ಫುಲ್ ಕ್ರೀಮ್ ಹಾಲಿನಲ್ಲಿ ನಾಲಗೆಯ ಮೇಲೆ ಕೆನೆಯೇ ಉಳಿದು ಕಾಫಿ ಅಡಗಿಹೋಗುತ್ತದೆ. ಅದನ್ನೇ ತಂದರೆ ಡಿಕಾಕ್ಷನ್ ಪಾಲು ಹೆಚ್ಚಿಸಿ. ಹಾಲು ಉಕ್ಕಿ ಬಂದ ಕ್ಷಣವೇ ಲೋಟಕ್ಕೆ ಹೋಗಬೇಕು. ಬೆಳಿಗ್ಗೆ ಕಾಯಿಸಿದ್ದನ್ನು ಮತ್ತೆ ಮತ್ತೆ ಕಾಯಿಸಿದರೆ ಬೇಯಿಸಿದ ಹಾಲಿನ ವಾಸನೆ ಕಾಫಿಯನ್ನು ಮೀರುತ್ತದೆ, ಹಾಗಾಗಿ ಆ ಹೊತ್ತಿಗೆ ಬೇಕಾದಷ್ಟನ್ನೇ ಸಣ್ಣ ಪಾತ್ರೆಯಲ್ಲಿ ತೆಗೆದುಕೊಳ್ಳುತ್ತೇನೆ.

ಬಿಸಿಯ ಲೆಕ್ಕವನ್ನು ಒಮ್ಮೆ ಹಾಕಿ ನೋಡಿದರೆ ಮನೆಯ ಕಾಫಿ ಯಾಕೆ ಬೆಚ್ಚಗಷ್ಟೇ ಇರುತ್ತದೆ ಎಂಬುದು ಗೊತ್ತಾಗುತ್ತದೆ. 95 ಡಿಗ್ರಿಯ 90 ಮಿ.ಲೀ. ಹಾಲಿಗೆ 28 ಡಿಗ್ರಿಯ, ಅಂದರೆ ಆರಿಹೋದ 35 ಮಿ.ಲೀ. ಡಿಕಾಕ್ಷನ್ ಸೇರಿದರೆ ಮಿಶ್ರಣ 76ಕ್ಕೆ ಬರುತ್ತದೆ. ಡಿಕಾಕ್ಷನ್ 65 ಡಿಗ್ರಿ ಇದ್ದಿದ್ದರೆ 86. ಆ ಹತ್ತು ಡಿಗ್ರಿಯೇ ನೊರೆ ಎಬ್ಬಿಸಲು ನಮಗಿರುವ ಬಂಡವಾಳ. ತಣ್ಣನೆಯ ಸ್ಟೀಲ್ ಲೋಟ ಒಂದಿಷ್ಟು ಎಳೆದುಕೊಳ್ಳುತ್ತದೆ, ಎತ್ತರದಿಂದ ಸುರಿಯುವ ಒಂದೊಂದು ಸಲಕ್ಕೂ ಒಂದಿಷ್ಟು ಹೋಗುತ್ತದೆ. ಆದ್ದರಿಂದ ಲೋಟಗಳಿಗೆ ಮೊದಲು ಬಿಸಿನೀರು ಹಾಕಿ ಚೆಲ್ಲಿ. ಸಕ್ಕರೆ ತಳದಲ್ಲಿ, ಒಂದು ಚಿಕ್ಕ ಚಮಚ. ಅದರ ಮೇಲೆ 35 ಮಿ.ಲೀ. ಡಿಕಾಕ್ಷನ್, ಒಮ್ಮೆ ಕಲಕಿ. ಮೇಲೆ ಹಾಲು. ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಒಂದು ಅಡಿ ಎತ್ತರದಿಂದ ಎರಡು ಸಲ ಸಾಕು. ಹಾಲನ್ನು ಮೊದಲು ಹಾಕಿ ಆಮೇಲೆ ಡಿಕಾಕ್ಷನ್ ಹನಿಸುವವರು ಬಣ್ಣ ನೋಡಿ ನಿಲ್ಲಿಸುತ್ತಾರೆ, ಸಾಮಾನ್ಯವಾಗಿ ಬೇಗನೇ ನಿಲ್ಲಿಸುತ್ತಾರೆ. ಅಳತೆ ಕೈಗೆ ಬರುವವರೆಗೆ ಔಷಧಿಯ ಮುಚ್ಚಳದ ಲೋಟದಲ್ಲಾದರೂ ಅಳೆಯಿರಿ. ಡಿಕಾಕ್ಷನ್‌ನ ಕೊನೆಯ ಚಮಚದಷ್ಟು ಗಸಿ ಇರುತ್ತದೆ, ಅದನ್ನು ಪಾತ್ರೆಯಲ್ಲೇ ಬಿಡಿ.

ಕಾಫಿ ಒಡೆದರೆ ಕಾರಣ ಎರಡರಲ್ಲಿ ಒಂದು: ಹಾಲು ಹಳತು, ಇಲ್ಲವೇ ಡಿಕಾಕ್ಷನ್ ಹುಳಿಯಾಗಿದೆ. ಬೆಲ್ಲ ಹಾಕುವವರಿಗೆ ಮೂರನೆಯದೂ ಇದೆ. ಬೆಲ್ಲವನ್ನು ಕುದಿಯುವ ಹಾಲಿಗೆ ಹಾಕಬಾರದು. ಡಿಕಾಕ್ಷನ್‌ನಲ್ಲಿ ಕರಗಿಸಿ, ಸೋಸಿ, ಹಾಲಿನ ಕುದಿ ಇಳಿದ ಮೇಲೆ ಬೆರೆಸಬೇಕು. ಕೊಡಗಿನ ಮನೆಗಳ ಹಾಗೆ ಹಾಲೇ ಇಲ್ಲದ ಬೆಲ್ಲದ ಕಾಫಿ ಮಾಡಿದರೆ ಆ ತಾಪತ್ರಯವೇ ಇಲ್ಲ, ಅದಕ್ಕೆ ಡಿಕಾಕ್ಷನ್ ಅನ್ನು ಮೂರರಷ್ಟು ಬಿಸಿನೀರಿನಲ್ಲಿ ತೆಳ್ಳಗೆ ಮಾಡಿಕೊಳ್ಳಿ.

ಇಷ್ಟೆಲ್ಲ ಮನೆಯಲ್ಲಿ ಮಾಡಿದ ಮೇಲೂ ದರ್ಶಿನಿಗೆ ಹೋಗುವುದನ್ನು ನಾನು ಬಿಟ್ಟಿಲ್ಲ, ಬಿಡಬೇಕಾದ್ದೂ ಇಲ್ಲ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದ ಮೇಲೆ ಹರಡಿದ ಈ ನಿಂತು ತಿನ್ನುವ ಹೋಟೆಲುಗಳು ಕಡಿಮೆ ದುಡ್ಡಿಗೆ ಬಿಸಿಬಿಸಿ ಕೊಡುವ ವ್ಯವಸ್ಥೆ. ಅದರ ಪೂರ್ತಿ ಲಾಭ ಸಿಗುವುದು ಹೊತ್ತು ನೋಡಿ ಹೋದವರಿಗೆ. ಬೆಳಿಗ್ಗೆ ಏಳೂವರೆಯಿಂದ ಹತ್ತು, ಸಂಜೆ ನಾಲ್ಕೂವರೆಯಿಂದ ಆರೂವರೆ: ಡಿಕಾಕ್ಷನ್ ನಿಲ್ಲದೆ ಓಡುವ ಹೊತ್ತು. ಕೌಂಟರಿನಲ್ಲಿ ಇಡ್ಲಿ-ವಡೆ, ಕಾಫಿ ಎರಡಕ್ಕೂ ಒಟ್ಟಿಗೆ ಟೋಕನ್ ತೆಗೆದುಕೊಳ್ಳಿ, ಆದರೆ ಕಾಫಿಯ ಟೋಕನ್ ಜೇಬಿನಲ್ಲಿರಲಿ. ಎರಡನ್ನೂ ಒಟ್ಟಿಗೆ ಕೊಟ್ಟರೆ ನೀವು ವಡೆ ಮುರಿಯುವಷ್ಟರಲ್ಲಿ ಕಾಫಿ ಕೆನೆಗಟ್ಟುತ್ತದೆ. ತಿಂದು, ಕೈ ತೊಳೆದು, ಒಂದು ಗುಟುಕು ನೀರು ಕುಡಿದು ಆಮೇಲೆ ಕಾಫಿಯ ಕಟ್ಟೆಗೆ ಹೋಗಿ. ಖಾರದ ಸಾಂಬಾರಿನ ಬೆನ್ನಿಗೇ ಕುಡಿದರೆ ನಾಲಗೆಗೆ ಬಿಸಿ ಮಾತ್ರ ತಿಳಿಯುತ್ತದೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ಇಡ್ಲಿಗೆ ಚಟ್ನಿ ಮಾತ್ರ, ಸಾಂಬಾರ್ ಇಲ್ಲ. ಆಮೇಲಿನ ಕಾಫಿ ಅಲ್ಲಿ ಅಷ್ಟು ಹಿತವಾಗಿರುವುದರಲ್ಲಿ ಇದರ ಪಾಲೂ ಇದೆ ಎಂದು ನನಗನ್ನಿಸುತ್ತದೆ.

ಟೋಕನ್ ಕೊಡುವಾಗಲೇ ‘ಸ್ಟ್ರಾಂಗ್, ಸಕ್ಕರೆ ಕಮ್ಮಿ’ ಎಂದು ಹೇಳಿ, ಲೋಟ ಕೈಗೆ ಬಂದ ಮೇಲೆ ಹೇಳಿ ಫಲವಿಲ್ಲ. ಕೆಲವು ಕಡೆ ಸಕ್ಕರೆಯನ್ನು ಮೊದಲೇ ಬೆರೆಸಿಟ್ಟಿರುತ್ತಾರೆ, ಅಂಥಲ್ಲಿ ಸಕ್ಕರೆ ಇಲ್ಲದ್ದು ಕೇಳಿದರೆ ಪಕ್ಕದಲ್ಲಿಟ್ಟ ಬೇರೆ ಪಾತ್ರೆಯಿಂದ ಬರುತ್ತದೆ. ಅದು ಹೊಸದೇ ಎಂದು ಕೇಳಿಕೊಳ್ಳುವುದರಲ್ಲಿ ತಪ್ಪಿಲ್ಲ. ಹೊಸ ಹೋಟೆಲಾದರೆ ಮುಂದಿನವರ ಲೋಟ ನೋಡಿ. ಬಣ್ಣ ಕೆಂಪು ಬೆರೆತ ಕಂದು ಇದ್ದರೆ ಧೈರ್ಯವಾಗಿ ಕುಡಿಯಬಹುದು, ಬೂದು ತಿರುಗಿದ್ದರೆ ಡಿಕಾಕ್ಷನ್ ತೆಳ್ಳಗಿದೆ ಅಥವಾ ಹಳತು. ಹಾಲಿನ ಪಾತ್ರೆಯಿಂದ ಹಬೆ ಏಳುತ್ತಿದೆಯೇ, ಡಿಕಾಕ್ಷನ್ ಪಾತ್ರೆಗೆ ಮುಚ್ಚಳವಿದೆಯೇ ಎಂಬುದೂ ಕಟ್ಟೆಯ ಈಚೆಯಿಂದಲೇ ಕಾಣುತ್ತದೆ. ಇಬ್ಬರಿದ್ದರೆ ಬೈಟೂ ಒಳ್ಳೆಯದು: ಅರ್ಧ ಲೋಟ ಬಿಸಿ ಆರುವ ಮೊದಲೇ ಮುಗಿಯುತ್ತದೆ, ಬೇಕೆನಿಸಿದರೆ ಇನ್ನೊಂದು ಹೇಳಬಹುದು.

ಮನೆಗೆ ಹತ್ತು-ಹನ್ನೆರಡು ಜನ ಬಂದಾಗ ಚಿಕ್ಕ ಫಿಲ್ಟರನ್ನು ನಾಲ್ಕು ಸಲ ಹಾಕುವ ಬದಲು ಮಲೆನಾಡಿನ ಮನೆಗಳ ಬಟ್ಟೆ ಸೋಸುವ ಕ್ರಮ ಹಿಡಿಯುತ್ತೇನೆ. 650 ಮಿ.ಲೀ. ನೀರು ಕುದಿಸಿ ಒಲೆ ಆರಿಸಿ, 120 ಗ್ರಾಂ ಪುಡಿ ಹಾಕಿ, ಒಮ್ಮೆ ಕಲಕಿ, ಐದಾರು ನಿಮಿಷ ಮುಚ್ಚಿಡುವುದು. ಇದಕ್ಕೆ ಫಿಲ್ಟರಿನದಕ್ಕಿಂತ ತುಸು ತರಿ ಪುಡಿಯಾದರೆ ಬೇಗ ಸೋಸುತ್ತದೆ. ದಪ್ಪ ಹತ್ತಿ ಬಟ್ಟೆಯನ್ನು ಮೊದಲು ಬಿಸಿನೀರಿನಲ್ಲಿ ನೆನೆಸಿ ಹಿಂಡಿ, ಪಾತ್ರೆಯ ಬಾಯಿಗೆ ಕಟ್ಟಿ ಸೋಸಿ. ಕೊನೆಗೆ ಬಟ್ಟೆಯನ್ನು ಹಿಂಡಲು ಕೈ ಹೋಗುತ್ತದೆ. ಹಿಂಡಿದರೆ ಗಸಿ ಮತ್ತು ಒಗರು ಎರಡೂ ಇಳಿಯುತ್ತವೆ, ತಾನಾಗಿ ಹನಿಯಲು ಬಿಡಿ. 400 ಮಿ.ಲೀ. ಮೇಲೆ ಸಿಗುತ್ತದೆ, ಹನ್ನೆರಡು ಲೋಟಕ್ಕೆ ಬೇಕಾದದ್ದೂ ಅಷ್ಟೇ. ಬಟ್ಟೆಗೆ ಸೋಪು ತಗಲಿಸಬೇಡಿ, ಮುಂದಿನ ಸಲದ ಕಾಫಿಯಲ್ಲಿ ಅದರ ವಾಸನೆ ಬರುತ್ತದೆ. ಬಿಸಿನೀರಿನಲ್ಲಿ ಕುದಿಸಿ, ಬಿಸಿಲಿನಲ್ಲಿ ಒಣಗಿಸಿ, ಕಾಫಿಗೆಂದೇ ಬೇರೆ ಎತ್ತಿಡಿ.